ರೆಪ್ಪೆಗೆ ಕತ್ತರಿ: ಅಂದಕ್ಕೋ, ನೋಟಕ್ಕೋ?

ಕೊಟ್ಟೂರಿನಲ್ಲಿ ತೇರು ಎಳೆಯುವ ಸಂಜೆ ಎಲ್ಲರ ಕಣ್ಣೂ ಮೇಲಕ್ಕೇ ಇರುತ್ತದೆ. ಗುರು ಕೊಟ್ಟೂರೇಶ್ವರನ ರಥದ ಕಳಸ ಅಲುಗಿತೆಂದರೆ ಸಾಕು, ಬಾಳೆಹಣ್ಣು ಉತ್ತತ್ತಿ ತೂರುವ ಕೈಗಳಿಗೆ ಲೆಕ್ಕವಿರುವುದಿಲ್ಲ. ಅಂಥ ಒಂದು ಸಂಜೆ ನನ್ನ ದೊಡ್ಡವ್ವ ಕಳಸ ನೋಡುವ ಪರಿ ಕಂಡು ನನಗೆ ಮೊದಲು ನಗು ಬಂತು. ಗದ್ದವನ್ನು ಆಕಾಶಕ್ಕೆತ್ತಿ, ಹಣೆಯನ್ನು ನಾಲ್ಕು ಮಡಿಕೆ ಮಾಡಿ, ಕೊನೆಗೆ ಬಲಗೈಯ ತೋರುಬೆರಳಿನಿಂದ ತನ್ನ ಕಣ್ಣಿನ ರೆಪ್ಪೆಯನ್ನು ತಾನೇ ಮೇಲಕ್ಕೆತ್ತಿ ಹಿಡಿದು, "ಈಗ ಕಾಣ್ತು ನೋಡು ಮಗಾ" ಎಂದಳು. ಕಿಟಕಿಯ ಪರದೆ ಸರಿಸಿದಂತೆ ಆಕೆ ರೆಪ್ಪೆ ಸರಿಸಿದ್ದಳು.

ಮನೆಯಲ್ಲಿ ಎಲ್ಲರೂ ಅದನ್ನು ಪೊರೆ ಎಂದುಕೊಂಡಿದ್ದರು. ನಮ್ಮ ಕಡೆ ಕಣ್ಣಿಗೆ ಏನೇ ಆದರೂ ಮೊದಲು ಬಾಯಿಗೆ ಬರುವ ಹೆಸರು ಪೊರೆ. ಇದಕ್ಕೆ ಕಾರಣವೂ ಇದೆ. ಈ ಭಾಗದ ಹಿಂದಿನ ತಲೆಮಾರಿಗೆ ಕಣ್ಣಿನ ವೈದ್ಯ ಎಂದರೆ ಡಾ. ಎಂ.ಸಿ. ಮೋದಿ. ಊರೂರಿಗೆ ಹೋಗಿ ಬಯಲಲ್ಲಿ, ಶಾಲೆಗಳಲ್ಲಿ ಶಿಬಿರ ಹೂಡಿ ಬಡವರ ಪೊರೆ ತೆಗೆದವರು ಅವರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ದಾಖಲೆಯಾಯಿತು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪಡೆದ ಅವರು ತೀರಿಕೊಂಡದ್ದು 2005ರಲ್ಲಿ. ಆ ಶಿಬಿರಗಳು ಲಕ್ಷಾಂತರ ಮಂದಿಗೆ ಬೆಳಕು ಕೊಟ್ಟವು. ಜೊತೆಗೆ, ವಯಸ್ಸಾದವರ ಕಣ್ಣು ಮಂಜಾಯಿತೆಂದರೆ ಪೊರೆಯೇ ಎಂಬ ಒಂದು ನಂಬಿಕೆಯನ್ನೂ ಬಿಟ್ಟುಹೋದವು.

ದೊಡ್ಡವ್ವನಿಗೆ ಪೊರೆಯೂ ಇತ್ತು, ಅದನ್ನು ತೆಗೆಸಿದ್ದೂ ಆಗಿತ್ತು. ಆದರೂ "ಮುಂದಿಂದು ಕಾಣ್ತೈತಿ, ಮ್ಯಾಲಿಂದು ಕಾಣಂಗಿಲ್ಲ" ಎನ್ನುತ್ತಿದ್ದಳು. ಮೈಲಾರದ ಕಾರಣಿಕದಂದು ಬಿಲ್ಲು ಏರಿದ ಗೊರವಯ್ಯ ಆಕೆಗೆ ಸೊಂಟದವರೆಗೆ ಮಾತ್ರ ಕಂಡಿದ್ದನಂತೆ! ಕೊನೆಗೆ ಪಟ್ಟಣದ ಆಸ್ಪತ್ರೆಯೊಂದರಲ್ಲಿ ವೈದ್ಯೆಯೊಬ್ಬರು ಯಾವ ಯಂತ್ರವನ್ನೂ ಮುಟ್ಟದೆ, ಬೆರಳಿನಿಂದ ರೆಪ್ಪೆಯ ಸಡಿಲ ಚರ್ಮವನ್ನು ಎತ್ತಿ ಹಿಡಿದು, "ಈಗ ಹೇಗಿದೆ ಅಜ್ಜಿ?" ಎಂದು ಕೇಳಿದರು. ತೇರಿನ ದಿನ ದೊಡ್ಡವ್ವ ತಾನೇ ಮಾಡಿಕೊಂಡ ಪರೀಕ್ಷೆಯೂ ಇದೇ ಆಗಿತ್ತು. ಮಾಡಬೇಕಾದ ಶಸ್ತ್ರಚಿಕಿತ್ಸೆಯ ಹೆಸರು ಬ್ಲೆಫರೋಪ್ಲಾಸ್ಟಿ ಎಂದೂ, ಸಿನಿಮಾ ಮಂದಿ ಅಂದಕ್ಕಾಗಿ ಮಾಡಿಸಿಕೊಳ್ಳುವುದೂ ಇದನ್ನೇ ಎಂದೂ ಅವರು ಹೇಳಿದ್ದೇ ತಡ, ಮನೆಯಲ್ಲಿ ರಂಪವಾಯಿತು. "ಅರವತ್ತೈದರ ಮ್ಯಾಲೆ ಚಂದ ಯಾರಿಗೆ ಬೇಕಾಗೈತಿ? ಮಂದಿ ಏನಂತಾರ?" ಎಂದು ದೊಡ್ಡಪ್ಪ ಮುಖ ಗಂಟಿಕ್ಕಿದರು. ಆ ಒಂದು ಹೆಸರಿನಿಂದಾಗಿ ದೊಡ್ಡವ್ವನ ಚಿಕಿತ್ಸೆ ಎರಡು ವರ್ಷ ಮುಂದಕ್ಕೆ ಹೋಯಿತು. ಈ ಬರಹಕ್ಕೆ ಮೂಲ ಆ ಎರಡು ವರ್ಷಗಳು.

ರೆಪ್ಪೆ ಎಂಬ ಕದ

ನಮ್ಮ ಭಾಷೆಯಲ್ಲಿ ರೆಪ್ಪೆಗೆ ಸಲ್ಲುವ ಗೌರವ ಸಣ್ಣದಲ್ಲ. ಮಕ್ಕಳನ್ನು ಕಾಯುವುದು ಕಣ್ಣ ರೆಪ್ಪೆಯಂತೆ. ಕಾಲವನ್ನು ಅಳೆಯುವುದು ರೆಪ್ಪೆ ಬಡಿಯುವುದರಿಂದ. ಬೆರಗಾದವರು ನೋಡುವುದು ಎವೆಯಿಕ್ಕದೆ. ದೇವತೆಗಳಿಗೆ ಅನಿಮಿಷರೆಂದು ಹೆಸರು ಬಂದದ್ದು ಅವರು ರೆಪ್ಪೆ ಮಿಟುಕಿಸುವುದಿಲ್ಲ ಎಂಬ ಕಾರಣಕ್ಕೆ. ಮಹಾಭಾರತದ ದಮಯಂತಿಯ ಸ್ವಯಂವರದಲ್ಲಿ ನಳನ ರೂಪ ತಾಳಿ ಕುಳಿತ ದೇವತೆಗಳ ನಡುವೆ ನಿಜವಾದ ನಳ ಸಿಕ್ಕಿಬಿದ್ದದ್ದು ಬೆವರಿನಿಂದ, ಧೂಳಿನಿಂದ ಮತ್ತು ರೆಪ್ಪೆ ಮಿಟುಕಿಸಿದ್ದರಿಂದ. ರೆಪ್ಪೆ ಮಿಟುಕಿಸುವುದು ಮನುಷ್ಯರ ಗುರುತು.

ಹೌದು, ಮನುಷ್ಯ ನಿಮಿಷಕ್ಕೆ ಸುಮಾರು 15ರಿಂದ 20 ಬಾರಿ ರೆಪ್ಪೆ ಬಡಿಯುತ್ತಾನೆ. ಪ್ರತಿ ಬಡಿತವೂ ಕಣ್ಣೀರಿನ ತೆಳು ಪದರವನ್ನು ಕಣ್ಣಿನ ಮೇಲೆ ಸಾರಿಸಿ ಹೋಗುತ್ತದೆ. ನಮ್ಮ ಮೈಮೇಲಿನ ಅತಿ ತೆಳುವಾದ ಚರ್ಮ ಇರುವುದು ಇಲ್ಲಿಯೇ; ಅದರ ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ. ಚರ್ಮದ ಕೆಳಗೆ ಕಣ್ಣನ್ನು ಬಳಸಿಕೊಂಡು ಉಂಗುರದಂತೆ ಇರುವ ಒಂದು ಸ್ನಾಯು ರೆಪ್ಪೆಯನ್ನು ಮುಚ್ಚುತ್ತದೆ. ಲಿವೇಟರ್ ಎಂಬ ಇನ್ನೊಂದು ಸ್ನಾಯು ಕಣ್ಣುಗುಳಿಯ ಆಳದಿಂದ ಬಂದು ರೆಪ್ಪೆಯನ್ನು ಬಾವಿಯ ಹಗ್ಗದಂತೆ ಮೇಲಕ್ಕೆ ಎಳೆಯುತ್ತದೆ. ಇವೆರಡರ ನಡುವೆ ಕೊಬ್ಬಿನ ಸಣ್ಣ ದಿಂಬುಗಳಿವೆ. ಅವನ್ನು ಹಿಡಿದಿಡಲು ಒಂದು ತೆಳು ಪರದೆಯಿದೆ.

ವಯಸ್ಸಾದಂತೆ ಈ ಕದ ಮೂರು ಬಗೆಯಲ್ಲಿ ಜೋಲುತ್ತದೆ. ಚರ್ಮವೇ ಸಡಿಲವಾಗಿ ಎವೆಗೂದಲಿನ ಮೇಲೆ ಮಡಿಕೆ ಬೀಳುವುದು ಒಂದು. ಒಳಗಿನ ಹಗ್ಗ ಸಡಿಲವಾಗಿ ರೆಪ್ಪೆಯ ಅಂಚೇ ಕೆಳಗಿಳಿಯುವುದು ಇನ್ನೊಂದು. ಇದಕ್ಕೆ ವೈದ್ಯರು ಟೋಸಿಸ್ ಎನ್ನುತ್ತಾರೆ. ಹುಬ್ಬೇ ಕುಸಿದು ರೆಪ್ಪೆಯ ಮೇಲೆ ಕೂರುವುದು ಮೂರನೆಯದು. ಕೆಳರೆಪ್ಪೆಯಲ್ಲಿ ಕೊಬ್ಬಿನ ದಿಂಬು ಮುಂದಕ್ಕೆ ಚಾಚಿ ಚೀಲ ಕಟ್ಟುವುದು ಬೇರೆ. ಹೊರಗಿನಿಂದ ನೋಡುವವರಿಗೆ ಎಲ್ಲವೂ "ನಿದ್ದಿಗಣ್ಣು". ಆದರೆ ಒಂದಕ್ಕೆ ಮಾಡುವ ಚಿಕಿತ್ಸೆ ಇನ್ನೊಂದಕ್ಕೆ ಆಗುವುದಿಲ್ಲ. ಹಗ್ಗ ಸಡಿಲವಾದವರಿಗೆ ಬರೀ ಚರ್ಮ ಕತ್ತರಿಸಿದರೆ ಕಣ್ಣು ತೆರೆಯುವುದಿಲ್ಲ. ಹುಬ್ಬು ಕುಸಿದವರಿಗೆ ಚರ್ಮ ಹೆಚ್ಚು ಕತ್ತರಿಸಿದರೆ ಹುಬ್ಬು ಇನ್ನೂ ಕೆಳಗಿಳಿಯುತ್ತದೆ. ಆದ್ದರಿಂದ ಯಾವುದು ಜೋತಿದೆ ಎಂದು ಸರಿಯಾಗಿ ಗುರುತಿಸಿದರೆ ಅರ್ಧ ಚಿಕಿತ್ಸೆ ಮುಗಿದಂತೆ.

ಕುದುರೆ ಕೂದಲಿನ ಹೊಲಿಗೆ

ರೆಪ್ಪೆಗೆ ಕತ್ತರಿ ಹಾಕುವುದು ಹೊಸ ಕಾಲದ ಶೋಕಿ ಎಂದು ತಿಳಿದವರು ಸುಶ್ರುತ ಸಂಹಿತೆಯ ಉತ್ತರತಂತ್ರವನ್ನೊಮ್ಮೆ ನೋಡಬೇಕು. ಅಲ್ಲಿ ಎಣಿಸಿರುವ 76 ನೇತ್ರರೋಗಗಳಲ್ಲಿ 21 ರೆಪ್ಪೆಗೆ ಸೇರಿದವು. ಎವೆಗೂದಲು ಒಳಕ್ಕೆ ತಿರುಗಿ ಕಣ್ಣನ್ನು ತಿವಿಯುವ ಪಕ್ಷ್ಮಕೋಪ ಎಂಬ ರೋಗಕ್ಕೆ ಅದು ಹೇಳುವ ಚಿಕಿತ್ಸೆ ಹೀಗಿದೆ: ಹುಬ್ಬಿನ ಕೆಳಗೆ, ಎವೆಗೂದಲಿನ ಮೇಲೆ, ಜವೆಗೋಧಿಯ ಕಾಳಿನ ಆಕಾರದಲ್ಲಿ ಚರ್ಮವನ್ನು ಅಡ್ಡಲಾಗಿ ಕತ್ತರಿಸಿ ತೆಗೆಯಬೇಕು, ಕುದುರೆಯ ಕೂದಲಿನಿಂದ ಹೊಲಿಯಬೇಕು, ಜೇನು ತುಪ್ಪ ಹಚ್ಚಬೇಕು, ಹಣೆಗೆ ಬಟ್ಟೆಯ ಪಟ್ಟಿ ಕಟ್ಟಿ ಹೊಲಿಗೆಯ ಎಳೆಗಳನ್ನು ಅದಕ್ಕೆ ಬಿಗಿಯಬೇಕು. ಉತ್ತರತಂತ್ರ ಮೂಲ ಗ್ರಂಥಕ್ಕೆ ಆಮೇಲೆ ಸೇರಿದ ಭಾಗ ಎನ್ನುವವರಿದ್ದಾರೆ. ಇರಲಿ. ಇವತ್ತಿನ ಶಸ್ತ್ರವೈದ್ಯರು ದೊಡ್ಡವ್ವನ ರೆಪ್ಪೆಯ ಮೇಲೆ ಪೆನ್ನಿನಿಂದ ಬರೆದ ಗೆರೆಯೂ ಎರಡು ತುದಿ ಚೂಪಾದ ಜವೆಗೋಧಿಯ ಕಾಳಿನಂತೆಯೇ ಇತ್ತು.

ಸುಶ್ರುತರು ಇದನ್ನು ಹೇಳಿದ್ದು ಅಂದಕ್ಕಲ್ಲ, ಕಣ್ಣು ಉಳಿಸುವುದಕ್ಕೆ. ಅವರು ವರ್ಣಿಸಿದಂಥ ಕಷ್ಟ ನಮ್ಮ ಬಯಲು ಸೀಮೆಗೆ ಹೊಸದೂ ಅಲ್ಲ. ಟ್ರಕೋಮ ಎಂಬ ಅಂಟುರೋಗ ನೀರಿನ ಬರ, ಧೂಳು, ನೊಣ ಇರುವಲ್ಲಿ ಮಕ್ಕಳಿಗೆ ತಗಲುತ್ತಿತ್ತು. ಮತ್ತೆ ಮತ್ತೆ ಬಂದು ರೆಪ್ಪೆಯ ಒಳಭಾಗ ಗಾಯಗಟ್ಟಿ, ದಶಕಗಳ ನಂತರ ರೆಪ್ಪೆಯ ಅಂಚು ಒಳಕ್ಕೆ ಮಡಚಿ, ಎವೆಗಳು ಕಣ್ಣುಗುಡ್ಡೆಯನ್ನು ಗೀರಿ ಗೀರಿ ಕುರುಡಾಗಿಸುತ್ತಿದ್ದವು. ಚಿಮಟದಿಂದ ಎವೆ ಕೀಳಿಸಿಕೊಳ್ಳುವ ಮುದುಕಿಯರನ್ನು ನೋಡಿದ ನೆನಪು ಹಿರಿಯರಿಗೆ ಇದ್ದೀತು. 1963ರಲ್ಲಿ ಕೇಂದ್ರ ಸರ್ಕಾರ ಇದರ ವಿರುದ್ಧ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. 1976ರಲ್ಲಿ ಅದು ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಸೇರಿತು. 2024ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಟ್ರಕೋಮವನ್ನು ಭಾರತ ತೊಲಗಿಸಿದೆ ಎಂದು ಘೋಷಿಸಿತು. ಪತ್ರಿಕೆಗಳ ಮುಖಪುಟಕ್ಕೆ ಬರಬೇಕಿದ್ದ ಸುದ್ದಿ ಅದು. ಬಹಳಷ್ಟು ಕಡೆ ಒಳಪುಟದಲ್ಲಿ ಮುಗಿಯಿತು.

ಪ್ಲಾಸ್ಟಿಕ್ ಸರ್ಜರಿ ಎಂದಾಗ ಬಕೇಟಿನ ಪ್ಲಾಸ್ಟಿಕ್ ನೆನೆಸಿಕೊಳ್ಳುವವರು ಇನ್ನೂ ಇದ್ದಾರೆ. ದೊಡ್ಡಪ್ಪ ಕೂಡ "ಕಣ್ಣಾಗ ಪ್ಲಾಸ್ಟಿಕ್ ಕೂಡಿಸ್ತಾರೇನು?" ಎಂದೇ ಕೇಳಿದ್ದರು. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ರೂಪ ಕೊಡುವುದು, ತಿದ್ದುವುದು ಎಂಬ ಅರ್ಥ. ಕುಂಬಾರ ಮಣ್ಣಿಗೆ ರೂಪ ಕೊಡುತ್ತಾನಲ್ಲ, ಹಾಗೆ. ಕಾಕತಾಳೀಯವೆಂದರೆ ಈ ವಿದ್ಯೆ ಯುರೋಪಿಗೆ ಪರಿಚಯವಾದ ಕತೆಯಲ್ಲಿ ನಮ್ಮ ಕನ್ನಡ ನಾಡೂ ಇದೆ, ಕುಂಬಾರನೂ ಇದ್ದಾನೆ. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸಜಿ ಎಂಬಾತ 1792ರಲ್ಲಿ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕು ಮೂಗು ಕಳೆದುಕೊಂಡ. ಮುಂದೆ ಪುಣೆಯ ಬಳಿ ಇಟ್ಟಿಗೆ ಸುಡುವ ಕುಲದ ಒಬ್ಬಾತ ಹಣೆಯ ಚರ್ಮವನ್ನು ತಿರುಗಿಸಿ ಇಳಿಸಿ ಅವನಿಗೆ ಹೊಸ ಮೂಗು ಮಾಡಿಕೊಟ್ಟ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್ ಇದನ್ನು ಚಿತ್ರ ಸಮೇತ ಪ್ರಕಟಿಸಿತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯ ಹೆಣಗಳ ಮೇಲೆ ಅಭ್ಯಾಸ ಮಾಡಿ 1814ರಲ್ಲಿ ಲಂಡನ್ನಿನಲ್ಲಿ ಅದೇ ರೀತಿ ಮೂಗು ಕಟ್ಟಿದ. ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಫಾನ್ ಗ್ರೇಫ 1818ರಲ್ಲಿ ಮೂಗಿನ ಬಗ್ಗೆ ಬರೆಯುತ್ತಲೇ ರೆಪ್ಪೆಯನ್ನು ಮರಳಿ ಕಟ್ಟುವ ವಿಧಾನಕ್ಕೆ ಬ್ಲೆಫರೋಪ್ಲಾಸ್ಟಿ ಎಂಬ ಹೆಸರಿಟ್ಟ. ಅವನ ರೋಗಿಗಳು ರೋಗದಿಂದ ರೆಪ್ಪೆ ಕಳೆದುಕೊಂಡವರು, ಚೆಲುವು ಬಯಸಿ ಬಂದವರಲ್ಲ.

ಚೆಲುವಿನ ಕತೆ ಶುರುವಾಗುವುದು ಇನ್ನೂ ಪೂರ್ವದಲ್ಲಿ. ಪೂರ್ವ ಏಷ್ಯಾದ ಸುಮಾರು ಅರ್ಧದಷ್ಟು ಜನರ ಮೇಲ್ರೆಪ್ಪೆಯಲ್ಲಿ ನಮ್ಮಲ್ಲಿರುವಂಥ ಮಡಿಕೆ ಇರುವುದಿಲ್ಲ. 1896ರಲ್ಲಿ ಜಪಾನಿನ ಮಿಕಾಮೊ ಎಂಬ ವೈದ್ಯ ದಾರ ಪೋಣಿಸಿ ಆ ಮಡಿಕೆ ಮೂಡಿಸುವ ವಿಧಾನ ಪ್ರಕಟಿಸಿದ. 1950ರ ದಶಕದ ನಡುವೆ ಕೊರಿಯಾದಲ್ಲಿದ್ದ ಅಮೆರಿಕದ ಶಸ್ತ್ರವೈದ್ಯ ರಾಲ್ಫ್ ಮಿಲಾರ್ಡ್ ಅಲ್ಲಿ ಇಂಥ ಶಸ್ತ್ರಚಿಕಿತ್ಸೆಗಳನ್ನು ಮಾಡಿದ. ಇಂದು ದಕ್ಷಿಣ ಕೊರಿಯಾದಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ಶಾಲೆ ಮುಗಿಸಿದ ಮಕ್ಕಳಿಗೆ ತಂದೆತಾಯಿ ಉಡುಗೊರೆಯಾಗಿ ಮಾಡಿಸುವುದುಂಟು. ಅಂತರರಾಷ್ಟ್ರೀಯ ಸೌಂದರ್ಯ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸಾ ಸಂಘದ ಲೆಕ್ಕದಂತೆ 2024ರಲ್ಲಿ ಜಗತ್ತಿನಲ್ಲಿ ಅಂದಕ್ಕಾಗಿ ನಡೆದ ಶಸ್ತ್ರಚಿಕಿತ್ಸೆಗಳಲ್ಲಿ ರೆಪ್ಪೆಯದೇ ಮೊದಲ ಸ್ಥಾನ. ಸಂಖ್ಯೆ 21 ಲಕ್ಷಕ್ಕೂ ಹೆಚ್ಚು.

ಕತ್ತರಿಗೆ ಮೊದಲು

ಹಾಗಾದರೆ ಮಾಡಿಸಿಕೊಳ್ಳುವವರು ಏನನ್ನು ನಿರೀಕ್ಷಿಸಬೇಕು? ಮೊದಲು ಪ್ರಶ್ನೆಗಳನ್ನು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಥೈರಾಯ್ಡ್ ಇದೆಯೇ? ಹೃದಯಕ್ಕೆಂದು ಆಸ್ಪಿರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತೀರಾ? ಆ ಮಾತ್ರೆಯನ್ನು ಹೃದಯದ ವೈದ್ಯರನ್ನು ಕೇಳದೆ ತಾವೇ ನಿಲ್ಲಿಸುವುದು ಅಪಾಯ. ಕಣ್ಣಿನ ವೈದ್ಯರಿಗೆ ಹೇಳದೆ ಮುಂದುವರಿಸುವುದೂ ಅಪಾಯ. ನಾಟಿ ಔಷಧಿ ತಿನ್ನುತ್ತಿದ್ದರೆ ಅದನ್ನೂ ಮುಚ್ಚಿಡಬಾರದು. ಬೀಡಿ ಸಿಗರೇಟು ಸೇದುವವರ ಗಾಯ ನಿಧಾನವಾಗಿ ಮಾಯುತ್ತದೆ. ಕಣ್ಣು ಒಣಗುವ ತೊಂದರೆ ಇದೆಯೇ ಎಂದು ತಿಳಿಯಲು ಕಾಗದದ ಸಣ್ಣ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ ಐದು ನಿಮಿಷದಲ್ಲಿ ಎಷ್ಟು ಒದ್ದೆಯಾಗುತ್ತದೆಂದು ನೋಡುತ್ತಾರೆ. ದೊಡ್ಡವ್ವ ಇದನ್ನು ಬಹಳ ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದಳು: "ನನ್ನ ಕಣ್ಣೀರು ಅಳತಿ ಮಾಡಿದ್ರು!"

ಇಲ್ಲೊಂದು ಎಚ್ಚರಿಕೆ. ಬೆಳಿಗ್ಗೆ ಚೆನ್ನಾಗಿದ್ದ ರೆಪ್ಪೆ ಸಂಜೆಯ ಹೊತ್ತಿಗೆ ಜೋಲುತ್ತಿದ್ದರೆ ಅದು ಮಯಸ್ತೇನಿಯಾ ಎಂಬ ಸ್ನಾಯುರೋಗ ಇರಬಹುದು. ಅದಕ್ಕೆ ಬೇಕಾದದ್ದು ಔಷಧಿ, ಕತ್ತರಿಯಲ್ಲ. ಇದ್ದಕ್ಕಿದ್ದಂತೆ ಒಂದು ರೆಪ್ಪೆ ಬಿದ್ದು, ಜೊತೆಗೆ ತಲೆನೋವು ಬಂದರೆ, ಒಂದು ವಸ್ತು ಎರಡಾಗಿ ಕಂಡರೆ ಅಥವಾ ಕಣ್ಣಪಾಪೆ ಹಿಗ್ಗಿದ್ದರೆ ಅದು ಮಿದುಳಿನ ರಕ್ತನಾಳದ ತೊಂದರೆಯ ಸೂಚನೆಯಾಗಬಹುದು. ಅಂಥವರು ಸಂತೆ ಮುಗಿಸಿಕೊಂಡು ಹೋಗೋಣ ಎನ್ನಬಾರದು, ಆ ಗಳಿಗೆಯಲ್ಲೇ ದೊಡ್ಡಾಸ್ಪತ್ರೆಗೆ ಹೊರಡಬೇಕು.

ಇನ್ನು ದುಡ್ಡಿನ ಮಾತು. ಅಂದಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಸಿಗುವುದಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುಜೋಡಣೆಗೆ, ಇಲ್ಲವೆ ವೈದ್ಯರು ಆರೋಗ್ಯಕ್ಕೆ ಅಗತ್ಯವೆಂದು ಪ್ರಮಾಣೀಕರಿಸಿದ ಚಿಕಿತ್ಸೆಗೆ ಮಾತ್ರ ವಿನಾಯಿತಿ ಉಂಟು. ಆದ್ದರಿಂದ ದೃಷ್ಟಿಯ ಮೇಲ್ಭಾಗ ಎಷ್ಟು ಮುಚ್ಚಿದೆ ಎಂದು ತೋರಿಸುವ ಪರೀಕ್ಷೆಯ ಕಾಗದ, ಮುಖದ ಫೋಟೊ, ವೈದ್ಯರ ಬರಹ ಇವು ಮುಖ್ಯ. ರೆಪ್ಪೆಯನ್ನು ಅಂಟುಪಟ್ಟಿಯಿಂದ ಮೇಲಕ್ಕೆತ್ತಿ ಒಮ್ಮೆ, ಎತ್ತದೆ ಒಮ್ಮೆ ಈ ಪರೀಕ್ಷೆ ಮಾಡಿದರೆ ವ್ಯತ್ಯಾಸ ಕಾಗದದ ಮೇಲೆ ಕಪ್ಪಗೆ ಕಾಣುತ್ತದೆ. ದೊಡ್ಡಪ್ಪನ ಬಾಯಿ ಮುಚ್ಚಿಸಿದ್ದೂ ಆ ಕಾಗದವೇ. ಚಂದವಲ್ಲ, ನೋಟ ಎಂದು ಅದರಲ್ಲಿ ಬರೆದಿತ್ತಲ್ಲ!

ಆ ಒಂದು ತಾಸು

ಗೆರೆ ಬರೆಯುವುದು ರೋಗಿ ಕುಳಿತಿರುವಾಗ. ಮಲಗಿದರೆ ಚರ್ಮ ಹಿಂದಕ್ಕೆ ಸರಿದು ಅಳತೆ ತಪ್ಪುತ್ತದೆ. ಎಷ್ಟು ತೆಗೆಯಬೇಕೆನ್ನುವುದಕ್ಕಿಂತ ಎಷ್ಟು ಉಳಿಸಬೇಕೆನ್ನುವುದು ಇಲ್ಲಿ ದೊಡ್ಡ ಲೆಕ್ಕ. ಹುಬ್ಬಿನಿಂದ ಎವೆಯವರೆಗೆ ಸುಮಾರು ಎರಡು ಸೆಂಟಿಮೀಟರ್ ಚರ್ಮ ಉಳಿಯಬೇಕು ಎಂಬುದು ರೂಢಿಯ ಮಾತು. ಹೆಚ್ಚು ತೆಗೆದರೆ ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಕಡಿಮೆ ತೆಗೆದರೆ ಮತ್ತೊಮ್ಮೆ ತೆಗೆಯಬಹುದು, ಹೆಚ್ಚು ತೆಗೆದದ್ದನ್ನು ಮರಳಿ ಅಂಟಿಸುವುದು ಕಷ್ಟ. ಒಳ್ಳೆಯ ಶಸ್ತ್ರವೈದ್ಯರು ಇಲ್ಲಿ ಜಿಪುಣರಾಗಿರುತ್ತಾರೆ.

ಮೇಲ್ರೆಪ್ಪೆಯಷ್ಟೇ ಆದರೆ ಸಾಮಾನ್ಯವಾಗಿ ಪೂರ್ತಿ ಮೈಮರೆಸುವುದಿಲ್ಲ, ರೆಪ್ಪೆಗೆ ಮಾತ್ರ ಜೋಮು ಹಿಡಿಸುವ ಚುಚ್ಚುಮದ್ದು. ಅದು ಕೆಲವು ಕ್ಷಣ ಚುರುಚುರು ಎಂದು ಉರಿಯುತ್ತದೆ. ನಿಜವಾದ ನೋವು ಅಷ್ಟೇ. ಆಮೇಲೆ ಎಳೆದಂತೆ, ಮುಟ್ಟಿದಂತೆ ಗೊತ್ತಾಗುತ್ತದೆ, ನೋಯುವುದಿಲ್ಲ. ವೈದ್ಯರ ಮಾತು ಕೇಳಿಸುತ್ತಿರುತ್ತದೆ. ರಕ್ತ ನಿಲ್ಲಿಸಲು ಸಣ್ಣ ರಕ್ತನಾಳಗಳನ್ನು ಸುಡುವಾಗ ಕೂದಲು ಸುಟ್ಟ ವಾಸನೆ ಬರುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ರೋಗಿ ಹೆದರುತ್ತಾನೆ. ಮಡಿಕೆಯ ಗೆರೆಯಲ್ಲೇ ಕತ್ತರಿಸುವುದರಿಂದ ಗಾಯದ ಗುರುತು ಕಣ್ಣು ತೆರೆದಾಗ ಮಡಿಕೆಯೊಳಗೆ ಅಡಗುತ್ತದೆ. ಹಗ್ಗ ಬಿಗಿಯುವುದೂ ಇದ್ದರೆ ನಡುವೆ "ಕಣ್ಣು ತೆಗೆಯಿರಿ, ಮುಚ್ಚಿರಿ" ಎಂದು ಹೇಳಿ ಎತ್ತರ ನೋಡಿಕೊಳ್ಳುತ್ತಾರೆ. ಎರಡೂ ಕಣ್ಣಿಗೆ ಒಂದು ತಾಸು, ಒಮ್ಮೊಮ್ಮೆ ಒಂದೂವರೆ. ಕೆಳರೆಪ್ಪೆಯ ಕೊಬ್ಬಿನ ಚೀಲಕ್ಕೆ ಎವೆಯ ಕೆಳಗಿನಿಂದಲೋ ರೆಪ್ಪೆಯ ಒಳಮೈಯಿಂದಲೋ ಕೈಹಾಕುತ್ತಾರೆ. ಅದು ಇನ್ನಷ್ಟು ನಾಜೂಕಿನ ಕೆಲಸ, ಎಡವಟ್ಟಾದರೆ ಕೆಳರೆಪ್ಪೆ ಹೊರಕ್ಕೆ ಜಗ್ಗಿ ಕೆಂಪು ತೋರುತ್ತದೆ.

ಅಂದೇ ಮನೆಗೆ ಕಳಿಸುತ್ತಾರೆ ಎಂಬುದು ನಿಜ. ಆದರೆ ನಮ್ಮ ಐದು ತಾಲ್ಲೂಕಿನವರಿಗೆ ಮನೆ ಎಂದರೆ ಎಲ್ಲಿ? 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಹರಪನಹಳ್ಳಿ ಅದಕ್ಕೂ ಮೊದಲು, 2018ರಲ್ಲಿ, ದಾವಣಗೆರೆಯಿಂದ ಬಳ್ಳಾರಿಗೆ ಮರಳಿತ್ತು. ಜಿಲ್ಲೆಯ ಗೆರೆ ಬದಲಾದರೂ ಆಸ್ಪತ್ರೆಯ ದಾರಿ ಬದಲಾಗಿಲ್ಲ. ಕೂಡ್ಲಿಗಿಯವರು ಬಳ್ಳಾರಿಯ ಕಡೆಗೆ, ಹರಪನಹಳ್ಳಿ, ಕೊಟ್ಟೂರಿನವರು ದಾವಣಗೆರೆಗೆ, ಹಡಗಲಿಯ ಹಲವರು ಹುಬ್ಬಳ್ಳಿಗೆ, ಹಗರಿಬೊಮ್ಮನಹಳ್ಳಿಯವರು ಮೊದಲು ಹೊಸಪೇಟೆಗೆ ಬಸ್ಸು ಹತ್ತುತ್ತಾರೆ. ರೆಪ್ಪೆಯ ಶಸ್ತ್ರಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಭಯದ ತೊಡಕೆಂದರೆ ಕಣ್ಣುಗುಡ್ಡೆಯ ಹಿಂದೆ ರಕ್ತ ತುಂಬಿ ದೃಷ್ಟಿನರವನ್ನು ಒತ್ತುವುದು. ದೃಷ್ಟಿ ಹೋಗುವುದು ಬಹಳ ಅಪರೂಪ, ಹಲವು ಸಾವಿರದಲ್ಲಿ ಒಂದು. ಆದರೆ ಅದು ಹೆಚ್ಚಾಗಿ ಆಗುವುದು ಮೊದಲ ಇಪ್ಪತ್ತನಾಲ್ಕು ತಾಸಿನಲ್ಲಿ. ಆದರೆ ತಾಸು ತಾಸಿಗೂ ಬೆಲೆಯಿದೆ. ತಡೆಯಲಾಗದ ನೋವು, ಒಂದೇ ಕಣ್ಣು ಗಟ್ಟಿಯಾಗಿ ಊದಿ ಮುಂದಕ್ಕೆ ಬಂದಂತಾಗುವುದು, ನೋಟ ಮಸುಕಾಗುತ್ತ ಹೋಗುವುದು ಇದರ ಲಕ್ಷಣ. ಆಗ ಹೊಲಿಗೆ ಬಿಚ್ಚಿ ರಕ್ತ ಹೊರಗೆ ಬಿಡಲೇಬೇಕು. ರಾತ್ರಿ ಹನ್ನೊಂದಕ್ಕೆ ಗುಡೇಕೋಟೆಯಲ್ಲೋ ಉಜ್ಜಿನಿಯಲ್ಲೋ ಇದ್ದವರು ಏನು ಮಾಡಬೇಕು? ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೆ: ಮೊದಲ ರಾತ್ರಿ ಆಸ್ಪತ್ರೆ ಇರುವ ಊರಿನಲ್ಲೇ ನೆಂಟರ ಮನೆಯಲ್ಲೋ ಛತ್ರದಲ್ಲೋ ಉಳಿಯಿರಿ. ಬಸ್ ಚಾರ್ಜು ಉಳಿಸುವ ಜಾಣತನ ಇಲ್ಲಿ ಬೇಡ.

ಬಣ್ಣ ಬದಲಿಸುವ ಎರಡು ವಾರ

ಮರುದಿನ ಕನ್ನಡಿ ನೋಡದಿರುವುದು ಒಳ್ಳೆಯದು. ಮುಖ ಜೇನು ಕಡಿದಂತಾಗಿರುತ್ತದೆ. ಊತ ಎರಡನೆಯ, ಮೂರನೆಯ ದಿನ ಹೆಚ್ಚಾಗಿ, ಆಮೇಲೆ ಇಳಿಯುತ್ತದೆ. ಕಂದಿದ ಚರ್ಮ ನೇರಳೆ, ಹಸಿರು, ಹಳದಿಯಾಗಿ ಹತ್ತು ಹದಿನೈದು ದಿನದಲ್ಲಿ ತಿಳಿಯಾಗುತ್ತದೆ. ಮೊದಲ ಎರಡು ದಿನ ಶುಭ್ರ ಬಟ್ಟೆಯಲ್ಲಿ ತಣ್ಣನೆಯ ಪಟ್ಟಿಯನ್ನು ಸ್ವಲ್ಪ ಸ್ವಲ್ಪ ಹೊತ್ತು ಇಡಬೇಕು. ಎರಡು ದಿಂಬು ಹಾಕಿ ತಲೆ ಎತ್ತರವಾಗಿಟ್ಟು ಮಲಗಬೇಕು. ಮುಲಾಮಿನಿಂದ ನೋಟ ಮಂಜಾಗುವುದು ಸಹಜ. ಹೊಲಿಗೆ ಬಿಚ್ಚುವುದು ಐದರಿಂದ ಏಳನೆಯ ದಿನಕ್ಕೆ. ಬಗ್ಗಿ ಮಾಡುವ ಕೆಲಸ, ಭಾರ ಹೊರುವುದು ಎರಡು ಮೂರು ವಾರ ಬೇಡ. ಕಳೆ ತೆಗೆಯುವುದು, ಕೊಡ ಹೊರುವುದು, ಒಲೆ ಊದುವುದು ಎಲ್ಲವೂ ಇದರಲ್ಲಿ ಸೇರಿತು. ಹೀಗಾಗಿ ನಮ್ಮ ಕಡೆಯ ಹೆಂಗಸರು ಸುಗ್ಗಿ ಮುಗಿದ ಮೇಲೆ ದಿನ ಗೊತ್ತು ಮಾಡಿಕೊಳ್ಳುವುದು ಮೇಲು.

ಕಾಡಿಗೆ? ಗಾಯ ಪೂರ್ತಿ ಮಾಯುವವರೆಗೆ, ವೈದ್ಯರು ಸರಿ ಎನ್ನುವವರೆಗೆ ಇಲ್ಲ. ಹರಳೆಣ್ಣೆಯ ದೀಪದ ಮಸಿಯಿಂದ ಮನೆಯಲ್ಲೇ ಮಾಡಿದ ಕಾಡಿಗೆಯಾದರೂ ಅಷ್ಟೆ. ಸಂತೆಯಲ್ಲಿ ಮಾರುವ ಕೆಲವು ಸುರ್ಮಾಗಳಲ್ಲಂತೂ ಸೀಸ ಇರುವುದರಿಂದ ಅದನ್ನು ಗಾಯವಿಲ್ಲದ ಕಣ್ಣಿಗೂ ಹಚ್ಚದಿರುವುದೇ ಲೇಸು.

ಮೊದಲ ಕೆಲವು ದಿನ ಕಣ್ಣು ಬಿಗಿದಂತೆ, ಮಲಗಿದಾಗ ಸ್ವಲ್ಪ ತೆರೆದಂತೆ ಇರುತ್ತದೆ. ಕಣ್ಣು ಒಣಗದಂತೆ ಹನಿ ಹಾಕುತ್ತಿರಬೇಕು. ಎರಡು ಕಣ್ಣಿನ ಊತ ಒಂದೇ ಸಮ ಇಳಿಯುವುದಿಲ್ಲ. ಎಡಗಣ್ಣು ಒಂದು, ಬಲಗಣ್ಣು ಒಂದು ಎಂದು ಎರಡು ವಾರದಲ್ಲೇ ಜಗಳಕ್ಕೆ ಹೋಗಬಾರದು. ಗುರುತು ಮಾಸಿ ನಿಜವಾದ ರೂಪ ನಿಲ್ಲಲು ತಿಂಗಳುಗಳು ಬೇಕು. ಫಲ ಹಲವು ವರ್ಷ ಉಳಿಯುತ್ತದೆ, ಶಾಶ್ವತವಲ್ಲ. ಕಣ್ಣಿನ ಕೆಳಗಿನ ಕಪ್ಪು, ಕಣ್ಣಂಚಿನ ಗೆರೆಗಳು ಇದರಿಂದ ಹೋಗುವುದಿಲ್ಲ. ಮುಖದ ಎಲ್ಲ ದೂರನ್ನೂ ರೆಪ್ಪೆಯ ತಲೆಗೆ ಕಟ್ಟಿ ಹೋದವರು ನಿರಾಶರಾಗುತ್ತಾರೆ.

ಅಂದವೇ ಬೇಕೆಂದು ಹೋಗುವವರನ್ನು ಹಂಗಿಸುವ ಉದ್ದೇಶ ನನಗಿಲ್ಲ. ಹುಟ್ಟಿನಿಂದ ಒಂದು ರೆಪ್ಪೆ ಇಳಿದಿರುವ ಹುಡುಗಿಯನ್ನು ಫೋಟೊ ಸ್ಟುಡಿಯೋದಲ್ಲಿ ಪಕ್ಕಕ್ಕೆ ತಿರುಗಿಸಿ ಕೂರಿಸುವುದು, ವರನ ಕಡೆಯವರು ಬಂದು "ಹುಡುಗಿಗೆ ಕಣ್ಣು ಸಣ್ಣದು" ಎಂದು ಎದ್ದುಹೋಗುವುದು ನಮ್ಮೂರುಗಳಲ್ಲಿ ನಡೆಯುತ್ತಲೇ ಇದೆ. ಅವಳ ಪಾಲಿಗೆ ಅದು ಶೋಕಿಯಲ್ಲ. ಆದರೆ ಅವಳಿಗೆ ಚಿಕಿತ್ಸೆ ಬೇಕಿದ್ದದ್ದು ಮದುವೆಯ ವಯಸ್ಸಿನಲ್ಲಲ್ಲ, ಮೂರನೆಯ ವರ್ಷದಲ್ಲೋ, ರೆಪ್ಪೆ ಪಾಪೆಯನ್ನೇ ಮುಚ್ಚಿದ್ದರೆ ಅದಕ್ಕೂ ಮೊದಲೋ. ಎಳೆಯ ಮಗುವಿನ ಕಣ್ಣಿಗೆ ಬೆಳಕು ಸರಿಯಾಗಿ ಹೋಗದಿದ್ದರೆ ಮಿದುಳು ಆ ಕಣ್ಣನ್ನು ಬಳಸುವುದನ್ನೇ ಕಲಿಯುವುದಿಲ್ಲ. ಏಳೆಂಟು ವರ್ಷ ದಾಟಿದ ಮೇಲೆ ರೆಪ್ಪೆ ಎತ್ತಿದರೆ ಅಂದ ಬಂದೀತು, ಕಳೆದುಹೋದ ನೋಟ ಬರುವುದು ಕಷ್ಟ. ಮಗು ಗದ್ದ ಎತ್ತಿ ನೋಡುತ್ತಿದ್ದರೆ, ಹುಬ್ಬು ಏರಿಸಿಯೇ ಇರುತ್ತಿದ್ದರೆ ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕರು ಗಮನಿಸಬೇಕು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿ, ಶಾಲೆಗಳಿಗೆ ಬರುತ್ತದೆ. ಅವರ ಮುಂದೆ ಆ ಮಗುವನ್ನು ನಿಲ್ಲಿಸಿದರೆ ಸಾಕು. ಎತ್ತುವ ಸ್ನಾಯು ತೀರ ದುರ್ಬಲವಾದ ಮಕ್ಕಳಿಗೆ ತೊಡೆಯ ನಾರಿನ ಪಟ್ಟಿಯನ್ನೋ ಸಿಲಿಕೋನ್ ಎಳೆಯನ್ನೋ ರೆಪ್ಪೆಯಿಂದ ಹಣೆಯ ಸ್ನಾಯುವಿಗೆ ಕಟ್ಟುತ್ತಾರೆ. ಮಗು ಹುಬ್ಬೆತ್ತಿದರೆ ರೆಪ್ಪೆಯೂ ಏಳುತ್ತದೆ.

ಮುಚ್ಚದ ರೆಪ್ಪೆಯ ಕಷ್ಟ ಇದಕ್ಕೆ ತಿರುಗುಮುರುಗು. ಕುಷ್ಠರೋಗ ಮುಖದ ನರಕ್ಕೆ ತಗಲಿದಾಗ ಕಣ್ಣು ಮುಚ್ಚುವುದಿಲ್ಲ. ಗ್ರೀಕರು ಇದಕ್ಕೆ ಮೊಲದ ಕಣ್ಣು ಎಂದರು, ಮೊಲ ಕಣ್ತೆರೆದೇ ಮಲಗುತ್ತದೆಂಬ ನಂಬಿಕೆಯಿಂದ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ಮತ್ತು ಸಂಗಡಿಗರು 1940ರ ದಶಕದ ಕೊನೆಯಿಂದ ಕುಷ್ಠದ ಊನಗಳನ್ನು ತಿದ್ದುವ ಕೆಲಸ ಕೈಗೊಂಡರು. ಇಂಥ ಕಣ್ಣಿಗೆ ಮಾಡುವ ಒಂದು ಶಸ್ತ್ರಚಿಕಿತ್ಸೆಯಲ್ಲಿ, ದವಡೆ ಆಡಿಸುವ ಕಪಾಳದ ಸ್ನಾಯುವಿನ ಒಂದು ಎಳೆಯನ್ನು ರೆಪ್ಪೆಗೆ ತಂದು ಜೋಡಿಸುತ್ತಾರೆ. ಆಮೇಲೆ ರೋಗಿ ಹಲ್ಲು ಕಚ್ಚಿದರೆ ಕಣ್ಣು ಮುಚ್ಚುತ್ತದೆ. ಊಟ ಮಾಡುವಾಗ ಪ್ರತಿ ತುತ್ತಿಗೂ ರೆಪ್ಪೆ ಬಡಿಯುತ್ತದೆ. ಇದನ್ನು ಅಂದದ ಶಸ್ತ್ರಚಿಕಿತ್ಸೆ ಎನ್ನಬೇಕೋ ನೋಟದ್ದೆನ್ನಬೇಕೋ? ಮುಖ ಕಂಡು ದೂರ ಸರಿಯುತ್ತಿದ್ದ ಊರು ಹತ್ತಿರ ಬಂದದ್ದೂ ಅದರಿಂದಲೇ.

ಯಾರ ಬಳಿ ಹೋಗಬೇಕು ಎಂಬುದು ಉಳಿಯಿತು. ನೇತ್ರವೈದ್ಯರಲ್ಲಿ ರೆಪ್ಪೆ, ಕಣ್ಣುಗುಳಿಯ ಶಸ್ತ್ರಚಿಕಿತ್ಸೆಯಲ್ಲೇ ಪರಿಣತಿ ಪಡೆದವರಿದ್ದಾರೆ, ಪ್ಲಾಸ್ಟಿಕ್ ಸರ್ಜನ್‌ಗಳಿದ್ದಾರೆ. ಬ್ಯೂಟಿ ಪಾರ್ಲರಿನ ಹಿಂಬದಿಯ ಕೋಣೆ ಇದಕ್ಕೆ ಜಾಗವಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಇದೆಯೇ ಎಂದು ಕೇಳುವುದು ರೋಗಿಯ ಹಕ್ಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ಕರಗಿಸುವ ಶಸ್ತ್ರಚಿಕಿತ್ಸೆಯ ನಂತರ ಇಪ್ಪತ್ತೊಂದರ ಕಿರುತೆರೆ ನಟಿಯೊಬ್ಬರು ತೀರಿಕೊಂಡದ್ದನ್ನು ಓದುಗರು ಮರೆತಿರಲಾರರು.

ದೊಡ್ಡವ್ವನ ಹೊಲಿಗೆ ಬಿಚ್ಚಿದ್ದು ಆರನೆಯ ದಿನ. ಮನೆಗೆ ಬಂದವಳು ಮೊದಲು ಜಂತಿ ನೋಡಿದಳು, "ಎಷ್ಟು ಜ್ಯಾಡು ಕಟ್ಟೈತಿ, ಒಬ್ರಿಗೂ ಕಾಣಲಿಲ್ಲೇನು?" ಎಂದು ಸೊಸೆಯಂದಿರನ್ನು ಬೈದಳು. ಹದಿನೈದು ದಿನದ ಮೇಲೆ ಕನ್ನಡಿ ಕೇಳಿ ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋಗಿ ಬಹಳ ಹೊತ್ತು ನೋಡಿಕೊಂಡಳು. ಚಂದ ಆಗಿದ್ದೀಯಾ ದೊಡ್ಡವ್ವ ಎಂದೆ. "ಏನು ಚಂದನೋ ಮಗಾ, ಇಷ್ಟು ಮುಪ್ಪಾಗೀನಿ ಅಂತ ಇವತ್ತೇ ಗೊತ್ತಾತು" ಎಂದಳು. ಮುಂದಿನ ತೇರಿಗೆ ಆಕೆಯ ಬಲಗೈ ಬಿಡುವಾಗಿತ್ತು, ಅದರಲ್ಲಿ ಬಾಳೆಹಣ್ಣಿತ್ತು.